ಕೂತು ಎಲೆಕ್ಟ್ರಿಕ್ ಗಿಟಾರ್ ನುಡಿಸುವುದು: ಕುರ್ಚಿಯಿಂದ ಮಣಿಕಟ್ಟಿನವರೆಗೆ

ಓದುವ ಮೊದಲು ಗಿಟಾರ್ ಎತ್ತಿಕೊಳ್ಳಿ. ದಿನಾ ಅಭ್ಯಾಸಕ್ಕೆ ಕೂರುವ ಜಾಗದಲ್ಲೇ ಕೂತು, ದಿನಾ ಹಿಡಿಯುವ ಹಾಗೆಯೇ ಹಿಡಿಯಿರಿ. ಈಗ ಎಡಗೈಯನ್ನು ಗಿಟಾರಿನ ಕತ್ತಿನಿಂದ, ಅಂದರೆ ನೆಕ್‌ನಿಂದ ತೆಗೆದು ತೊಡೆಯ ಮೇಲಿಡಿ. ಗಿಟಾರ್ ಇದ್ದಲ್ಲೇ ಇತ್ತೋ, ಕತ್ತಿನ ತುದಿಯ ಹೆಡ್‌ಸ್ಟಾಕ್ ನೆಲದ ಕಡೆ ವಾಲಿತೋ? ವಾಲಿದ್ದರೆ ಇಷ್ಟು ದಿನ ನಿಮ್ಮ ಎಡಗೈ ಎರಡು ಕೆಲಸ ಮಾಡುತ್ತಿತ್ತು ಅಂತ ಅರ್ಥ. ತಂತಿ ಒತ್ತುವುದು ಒಂದು, ವಾದ್ಯ ಹೊರುವುದು ಇನ್ನೊಂದು. ಒಂದೇ ಬೆರಳಲ್ಲಿ ಎಲ್ಲ ತಂತಿ ಒತ್ತುವ ಬಾರ್ ಕಾರ್ಡ್ ಹಿಡಿದರೆ ಹೆಬ್ಬೆರಳ ಬುಡ ನೋಯುವುದಕ್ಕೆ, ನೆಕ್‌ ಮೇಲಿನ ಅಡ್ಡಪಟ್ಟಿಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, ಮೇಲಕ್ಕೆ ಹೋಗುವಾಗ ಕೈ ಸಿಕ್ಕಿಕೊಂಡಂತಾಗುವುದಕ್ಕೆ ಅರ್ಧಕ್ಕರ್ಧ ಕಾರಣ ಅಲ್ಲೇ ಇರುತ್ತದೆ.

ನಾನು ಮೈಸೂರಿನಲ್ಲಿ ಬೆಳೆದವನು. ಪಕ್ಕದ ಮನೆಯಲ್ಲಿ ವೀಣೆ ಪಾಠ ನಡೆಯುತ್ತಿತ್ತು. ಹೊಸ ಮಕ್ಕಳಿಗೆ ಮೊದಲ ಕೆಲವು ದಿನ ಕೂರುವುದೇ ಪಾಠ. ವೀಣೆಯ ಕೊಡ ನೆಲದ ಮೇಲೆ, ಇನ್ನೊಂದು ಕೊನೆಯ ಬುರುಡೆ ಎಡತೊಡೆಯ ಮೇಲೆ. ಕೈ ಇಡುವ ಮುಂಚೆಯೇ ವಾದ್ಯ ತನ್ನಷ್ಟಕ್ಕೆ ನೆಲೆಯಾಗಿರುತ್ತದೆ, ಮೀಟುವುದು ಆಮೇಲಿನ ಮಾತು. ಆ ಗೋಡೆಯ ಈಚೆ ಬದಿಯಲ್ಲಿ ನಾನು ಮಂಚದ ಅಂಚಿನಲ್ಲಿ ಗೂನು ಬೆನ್ನು ಮಾಡಿಕೊಂಡು ಮೂರು ವರ್ಷ ಗಿಟಾರ್ ಕಲಿತೆ. ಎಡಗೈ ನೋವಿಗೆ ತಂತಿ ದಪ್ಪ ಅಂದುಕೊಂಡು ತೆಳು ತಂತಿ ಹಾಕಿಸಿದೆ. ಆಮೇಲೆ ಗಿಟಾರೇ ಸರಿಯಿಲ್ಲ ಅಂದುಕೊಂಡೆ. ಮಂಚದ ಮೇಲೆ ಮಾತ್ರ ಯಾವತ್ತೂ ಅನುಮಾನ ಬರಲಿಲ್ಲ.

ಕೆಳಗೆ ಬರೆದಿರುವುದೆಲ್ಲ ಬಲಗೈಯಲ್ಲಿ ಮೀಟುವವರಿಗೆ. ಎಡಚರು ಎಡ-ಬಲ ಅದಲುಬದಲು ಮಾಡಿಕೊಂಡು ಓದಬೇಕು. ಅವರಿಗೆ ಅದು ಹೊಸದೇನಲ್ಲ.

ಮೊದಲು ಕುರ್ಚಿ

ಗಿಟಾರ್‌ಗೆ ಬೇಕಾದ ಕುರ್ಚಿಗೆ ಮೂರೇ ಗುಣ ಸಾಕು: ಕೈಗಳಿರಬಾರದು, ಕೂರುವ ಜಾಗ ಗಟ್ಟಿಯಾಗಿರಬೇಕು, ಎತ್ತರ ನಿಮ್ಮ ಕಾಲಿಗೆ ಹೊಂದಬೇಕು.

ಎತ್ತರ ಅಳೆಯುವುದು ಸುಲಭ. ಬರಿಗಾಲಲ್ಲಿ ಕೂತು, ಅಂಗಾಲು ಪೂರ್ತಿ ನೆಲಕ್ಕೆ ತಾಗಿಸಿ. ತೊಡೆ ನೆಲಕ್ಕೆ ಸಮಾನಾಂತರವಾಗಿರಬೇಕು, ಇಲ್ಲವೇ ಸೊಂಟ ಮಂಡಿಗಿಂತ ಒಂದೆರಡು ಸೆಂಟಿಮೀಟರ್ ಮೇಲಿರಬೇಕು. ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಸೊಂಟ ಹಿಂದಕ್ಕೆ ಮಗುಚುತ್ತದೆ, ಬೆನ್ನು ಬಿಲ್ಲಾಗುತ್ತದೆ, ಗಿಟಾರ್ ಹೊಟ್ಟೆಗೆ ಒತ್ತುತ್ತದೆ. ಕುರ್ಚಿ ತೀರ ಎತ್ತರವಿದ್ದರೆ ತೊಡೆ ಮುಂದಕ್ಕೆ ಇಳಿಜಾರಾಗಿ ಗಿಟಾರ್ ಮಂಡಿಯ ಕಡೆ ಜಾರುತ್ತದೆ. ಊಟದ ಮೇಜಿನ ಕುರ್ಚಿಗಳು ಸಾಮಾನ್ಯವಾಗಿ 45 ಸೆಂಟಿಮೀಟರ್ ಆಸುಪಾಸು ಇರುತ್ತವೆ. ಮಧ್ಯಮ ಎತ್ತರದವರಿಗೆ ಅದು ಸರಿಹೋಗುತ್ತದೆ. ಗಿಡ್ಡಗಿರುವವರು ಕಾಲ ಕೆಳಗೆ ಊಟದ ಮಣೆ ಇಟ್ಟುಕೊಳ್ಳಲಿ, ಉದ್ದವಿರುವವರು ಮಡಿಸಿದ ಜಮಖಾನದ ಮೇಲೆ ಕೂರಲಿ.

ನಮ್ಮೆಲ್ಲರ ಮನೆಯಲ್ಲೂ ಇರುವ, ಕೈಗಳಿರುವ ಪ್ಲಾಸ್ಟಿಕ್ ಕುರ್ಚಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅದರಲ್ಲಿ ಎರಡು ತೊಂದರೆ. ಒಂದು ಕಣ್ಣಿಗೆ ಕಾಣುತ್ತದೆ: ಗಿಟಾರಿನ ಹಿಂಬದಿ ಕುರ್ಚಿಯ ಬಲಗೈಗೆ ತಾಗಿ ಇಡೀ ವಾದ್ಯ ಎಡಕ್ಕೆ ತಳ್ಳಿಸಿಕೊಳ್ಳುತ್ತದೆ. ಇನ್ನೊಂದು ಕಾಣುವುದಿಲ್ಲ: ಆ ಕುರ್ಚಿಯ ಆಸನ ಹಿಂದಕ್ಕೆ ತಗ್ಗಾಗಿರುತ್ತದೆ. ಒರಗಿ ಪೇಪರ್ ಓದುವುದಕ್ಕೆ ಮಾಡಿದ್ದು, ಮುಂದೆ ಕೂತು ಕೆಲಸ ಮಾಡುವುದಕ್ಕಲ್ಲ. ಬೇರೆ ಗತಿಯಿಲ್ಲ ಅಂದರೆ ಹಿಂಬದಿಯ ತಗ್ಗಿಗೆ ಟವೆಲ್ ಸುತ್ತಿಟ್ಟು, ಅದರ ಮುಂದಿನ ಅರ್ಧದಲ್ಲಿ ಕೂರಿ. ಆದರೆ ಕೈಯಿಲ್ಲದ ಪ್ಲಾಸ್ಟಿಕ್ ಸ್ಟೂಲ್ ಇದಕ್ಕಿಂತ ಅಗ್ಗ, ಇದಕ್ಕಿಂತ ವಾಸಿ. ಡ್ರಮ್ಸ್ ನುಡಿಸುವವರು ಕೂರುವ ದುಂಡನೆಯ ಪೀಠ ಎಲ್ಲಕ್ಕಿಂತ ಒಳ್ಳೆಯದು. ತಿರುಗಿಸಿ ಎತ್ತರ ಕೂಡಿಸಬಹುದು, ಯಾವ ಕಡೆಯೂ ಏನೂ ತಾಗುವುದಿಲ್ಲ.

ಆಫೀಸಿನ ಚಕ್ರದ ಕುರ್ಚಿ? ಕೈಗಳನ್ನು ಬಿಚ್ಚಲು ಬರುವುದಾದರೆ ಆಗಬಹುದು. ಆದರೆ ಕಾಲಲ್ಲಿ ತಾಳ ಹಾಕಿದಾಗಲೆಲ್ಲ ಅದು ಒಂದಿಂಚು ಸರಿಯುತ್ತದೆ, ನಿಮಗೇ ಗೊತ್ತಿಲ್ಲದೆ ಹೊಟ್ಟೆಯ ಸ್ನಾಯು ಅದನ್ನು ತಡೆಯುತ್ತಿರುತ್ತದೆ. ಸೋಫಾ, ಮಂಚ ಎರಡೂ ಬೇಡ.

ಸೊಂಟ, ಪಾದ, ಭುಜ

ಕುರ್ಚಿಯ ಮುಂದಿನ ಮೂರನೇ ಎರಡು ಭಾಗದಲ್ಲಿ ಕೂರಿ. ಕುಂಡಿಯ ಕೆಳಗೆ ಎರಡು ಮೂಳೆ ತಾಗುವುದು ಗೊತ್ತಾಗಬೇಕು. ಒಮ್ಮೆ ಬೇಕೆಂದೇ ಪೂರ್ತಿ ಗೂನಾಗಿ, ಇನ್ನೊಮ್ಮೆ ಪೂರ್ತಿ ಎದೆ ಸೆಟೆಸಿ. ಇವೆರಡರ ನಡುವೆ ಎಲ್ಲಿ ಉಸಿರು ಹೊಟ್ಟೆಯವರೆಗೆ ಸಲೀಸಾಗಿ ಇಳಿಯುತ್ತದೋ ಅಲ್ಲಿ ನಿಲ್ಲಿ. ಪೆರೇಡಿನ ಸೆಟೆದ ಬೆನ್ನು ಹತ್ತು ನಿಮಿಷದಲ್ಲಿ ಸೋತು ಗೂನಾಗುತ್ತದೆ, ಹಾಗಾಗಿ ಅದನ್ನು ಗುರಿಯಾಗಿ ಇಟ್ಟುಕೊಳ್ಳಬೇಡಿ. ಪಾದಗಳ ನಡುವೆ ಸೊಂಟದಗಲ ಅಂತರ. ಒಂದು ಕಾಲನ್ನು ಕುರ್ಚಿಯ ಕೆಳಗೆ ಮಡಿಸುವ ಅಭ್ಯಾಸ ಇದ್ದರೆ ಬಿಡಿ, ಅದರಿಂದ ಸೊಂಟ ಓರೆಯಾಗಿ ಭುಜಗಳೂ ಓರೆಯಾಗುತ್ತವೆ.

ಎರಡೂ ಭುಜ ಕಿವಿಯವರೆಗೆ ಎತ್ತಿ, ಧೊಪ್ಪೆಂದು ಬಿಡಿ. ಬಿದ್ದ ಜಾಗದಲ್ಲೇ ಅವು ಇರಬೇಕು. ಗಿಟಾರ್ ಬಂದ ಮೇಲೂ.

ಯಾವ ತೊಡೆಯ ಮೇಲೆ?

ಇದು ಗಿಟಾರ್ ಲೋಕದ ಹಳೆಯ ಜಗಳ. ರಾಕ್, ಬ್ಲೂಸ್, ಸಿನಿಮಾ ಸಂಗೀತ ನುಡಿಸುವ ಬಹುಪಾಲು ಜನ ಬಲತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಕ್ಲಾಸಿಕಲ್ ಗಿಟಾರ್ ಕಲಿತವರು ಎಡಗಾಲನ್ನು ಪುಟ್ಟ ಪೀಠದ ಮೇಲೇರಿಸಿ ಎಡತೊಡೆಯ ಮೇಲೆ ಇಡುತ್ತಾರೆ. ಎರಡನ್ನೂ ವಾರವಾರ ಬದಲಿಸಿ ನೋಡಿ ಅನ್ನುವುದು ನನ್ನ ಸಲಹೆ. ಕೊನೆಗೆ ಮೈಯೇ ತೀರ್ಮಾನ ಹೇಳುತ್ತದೆ.

ಬಲತೊಡೆಯಲ್ಲಿ ಗಿಟಾರ್ ಬಲಕ್ಕೆ ಹೋಗುತ್ತದೆ. ಮೀಟುವ ಕೈಗೆ ಆರಾಮ, ಪಾದಗಳೆರಡೂ ನೆಲದ ಮೇಲೆ, ಸದ್ದು ಬದಲಿಸುವ ಪೆಡಲ್ ತುಳಿಯುವುದೂ ಸುಲಭ. ತೊಂದರೆ ಏನೆಂದರೆ ನೆಕ್ ಅಡ್ಡಡ್ಡ ಮಲಗುತ್ತದೆ. ಆಗ ಕೆಳಗಿನ ತಂತಿಗಳಿಂದ ಮೇಲಿನ ದಪ್ಪ ತಂತಿಗೆ ಬೆರಳು ಚಾಚಲು ಎಡ ಮಣಿಕಟ್ಟು ತುಂಬ ಬಾಗಬೇಕಾಗುತ್ತದೆ. ಎಡತೊಡೆಯಲ್ಲಿ ನೆಕ್ ಮೇಲಕ್ಕೆ ಏರುತ್ತದೆ, ಗಿಟಾರ್ ಮೈಯ ನಡುವಿಗೆ ಬರುತ್ತದೆ, ಮಣಿಕಟ್ಟು ನೆಟ್ಟಗಾಗುತ್ತದೆ. ಆದರೆ ಬಹಳ ಹೊತ್ತು ಒಂದು ಕಾಲು ಎತ್ತರದಲ್ಲಿದ್ದರೆ ಸೊಂಟದ ಒಂದು ಬದಿ ಹಿಡಿದುಕೊಳ್ಳುತ್ತದೆ.

ನಾನು ಹಿಡಿದಿರುವುದು ನಡುವಿನ ದಾರಿ. ಗಿಟಾರ್ ಬಲತೊಡೆಯ ಮೇಲೆಯೇ, ಬಲಗಾಲ ಕೆಳಗೆ ಮಲಗಿಸಿಟ್ಟ ಒಂದು ಇಟ್ಟಿಗೆ, ಅಂದರೆ 7–8 ಸೆಂಟಿಮೀಟರ್. ಗಿಟಾರ್ ಸ್ವಲ್ಪ ಮೇಲೇರಿ ಮೈಗೆ ಹತ್ತಿರವಾಗುತ್ತದೆ, ಅದನ್ನು ನೋಡಲು ಬಗ್ಗುವುದು ತಪ್ಪುತ್ತದೆ. ಕ್ಲಾಸಿಕಲ್ ಭಂಗಿಗೆ ಎಡಗಾಲ ಕೆಳಗೆ 12–15 ಸೆಂಟಿಮೀಟರ್ ಬೇಕು. ಒಂದರ ಮೇಲೊಂದು ಎರಡು ಮಣೆ ಇಟ್ಟರೂ ಸಾಕಾಗದಿರಬಹುದು, ಮಡಿಸುವ ಕಬ್ಬಿಣದ ಪುಟ್ಟ ಪೀಠ ವಾದ್ಯದ ಅಂಗಡಿಗಳಲ್ಲಿ ಸಿಗುತ್ತದೆ. ಕಾಲ ಮೇಲೆ ಕಾಲು ಹಾಕಿ ಕೂರುವುದು ಫೋಟೋಗೆ ಚೆಂದ, ಅರ್ಧ ಗಂಟೆಗೆ ಕಾಲು ಜೋಮು.

ಬಟ್ಟೆಯೂ ಲೆಕ್ಕಕ್ಕೆ ಬರುತ್ತದೆ. ನುಣುಪು ಟ್ರ್ಯಾಕ್ ಪ್ಯಾಂಟಿನ ಮೇಲೆ ಪಾಲಿಶ್ ಮಾಡಿದ ಮರ ನಿಲ್ಲುವುದಿಲ್ಲ. ಅಡುಗೆಮನೆಯ ಡ್ರಾಯರಿನಲ್ಲಿ ಹಾಸುವ ತೂತುತೂತಿನ ರಬ್ಬರ್ ಶೀಟಿನ ಒಂದು ತುಂಡು ತೊಡೆಯ ಮೇಲೆ ಹಾಕಿಕೊಂಡು ನೋಡಿ.

ಕೂತಾಗಲೂ ಸ್ಟ್ರಾಪ್

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೂತು ನುಡಿಸುವಾಗ ಸ್ಟ್ರಾಪ್, ಅಂದರೆ ಹೆಗಲಿಗೆ ಹಾಕುವ ಪಟ್ಟಿ, ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಅಕೌಸ್ಟಿಕ್ ಗಿಟಾರಿನ ದಪ್ಪ ಡಬ್ಬಿಯನ್ನು ಬಲಗೈ ತೋಳಿನ ಭಾರವೇ ತೊಡೆಗೆ ಒತ್ತಿ ಹಿಡಿಯುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಮೈ ನಾಲ್ಕೂವರೆ ಸೆಂಟಿಮೀಟರ್ ದಪ್ಪದ ಹಲಗೆ, ಹಿಡಿತ ಕಡಿಮೆ, ತೂಕ ಜಾಸ್ತಿ. ಅದಕ್ಕೆ ಇನ್ನೊಂದು ಆಸರೆ ಬೇಕು.

ಸ್ಟ್ರಾಪ್ ಉದ್ದ ಗೊತ್ತುಮಾಡುವುದು ಹೀಗೆ. ಸ್ಟ್ರಾಪ್ ಇಲ್ಲದೆ ಮೊದಲು ಗಿಟಾರನ್ನು ಸರಿಯಾದ ಜಾಗದಲ್ಲಿ ಇಟ್ಟುಕೊಳ್ಳಿ. ಅದು ಯಾವುದು ಅಂತ ಗೊತ್ತಾಗಲು ಎಡಗೈಯನ್ನು ಸುಮ್ಮನೆ ಪಕ್ಕಕ್ಕೆ ಇಳಿಬಿಡಿ. ಮಣಿಕಟ್ಟನ್ನು ಬಾಗಿಸದೆ, ಮೊಣಕೈ ಮಾತ್ರ ಮಡಿಸಿ ಕೈಯನ್ನು ಮೇಲಕ್ಕೆ ತನ್ನಿ, ಲೋಟ ಹಿಡಿಯುವ ಹಾಗೆ. ಕೈ ಎಲ್ಲಿಗೆ ಬಂತೋ ನೆಕ್ ಅಲ್ಲಿರಬೇಕು. ಗಿಟಾರ್ ಕೈಯಿದ್ದಲ್ಲಿಗೆ ಬರಬೇಕೇ ಹೊರತು ಕೈ ಗಿಟಾರ್ ಇದ್ದಲ್ಲಿಗೆ ತಿರುಚಿಕೊಂಡು ಹೋಗಬಾರದು. ಹೆಚ್ಚಿನವರಿಗೆ ಹೆಡ್‌ಸ್ಟಾಕ್ ಭುಜದ ಮಟ್ಟಕ್ಕೂ ಕಣ್ಣಿನ ಮಟ್ಟಕ್ಕೂ ನಡುವೆ ಎಲ್ಲೋ ಬರುತ್ತದೆ, ನೆಕ್ ಮೈಗೆ ಸಮಾನಾಂತರವಾಗಿರದೆ ಸ್ವಲ್ಪ ಮುಂದಕ್ಕೆ ಚಾಚಿರುತ್ತದೆ.

ಈಗ ಸ್ಟ್ರಾಪ್ ಹಾಕಿ, ಸಡಿಲ ಹೋಗುವವರೆಗೆ ಬಿಗಿ ಮಾಡಿ. ಗಿಟಾರ್ ತೊಡೆಗೆ ಸುಮ್ಮನೆ ತಾಗುತ್ತಿರಬೇಕು, ಪೂರ್ತಿ ಭಾರ ತೊಡೆಯ ಮೇಲೂ ಬೇಡ, ಪೂರ್ತಿ ಹೆಗಲ ಮೇಲೂ ಬೇಡ. ಎದ್ದು ನಿಲ್ಲಿ. ಗಿಟಾರ್ ಅದೇ ಎತ್ತರದಲ್ಲಿ ನಿಂತರೆ ಅಳತೆ ಸರಿ. ಕೂತಾಗ ಹೊಟ್ಟೆಯ ಮುಂದಿದ್ದದ್ದು ನಿಂತಾಗ ತೊಡೆಗೆ ಇಳಿದರೆ, ಮನೆಯಲ್ಲಿ ಕಲಿತದ್ದು ವೇದಿಕೆಯಲ್ಲಿ ಕೈಕೊಡುವುದಕ್ಕೆ ಅದೇ ಕಾರಣ. ಮಂಡಿಯವರೆಗೆ ಜೋತುಬಿದ್ದ ಗಿಟಾರ್ ನೋಡಲು ಗತ್ತು ಅನ್ನುವುದು ನಿಜ. ಆ ಗತ್ತಿಗೆ ಮಣಿಕಟ್ಟು ಬೆಲೆ ಕೊಡುತ್ತದೆ.

ಸ್ಟ್ರಾಪ್ ಅಗಲ ಕನಿಷ್ಠ 5 ಸೆಂಟಿಮೀಟರ್ ಇರಲಿ, ಒಳಬದಿ ಒರಟಾದ ಚರ್ಮದ್ದಾದರೆ ಅಂಗಿಯ ಮೇಲೆ ಜಾರುವುದಿಲ್ಲ. ಮೊದಲ ಪರೀಕ್ಷೆಯನ್ನು ಮತ್ತೆ ಮಾಡಿ: ಎಡಗೈ ಬಿಡಿ. ಆಮೇಲೆ ಎರಡೂ ಕೈ ಬಿಟ್ಟು ಚಪ್ಪಾಳೆ ತಟ್ಟಿ.

ನಿಮ್ಮ ಗಿಟಾರ್ ಯಾವುದು?

1950ರ ದಶಕದ ಆರಂಭದ ಫೆಂಡರ್ ಟೆಲಿಕಾಸ್ಟರ್ ನೇರ ಕೊಯ್ದ ಹಲಗೆ. ಅದರ ಅಂಚು ಪಕ್ಕೆಲುಬಿಗೆ, ಮುಂಗೈಗೆ ಒತ್ತುತ್ತದೆ ಎಂದು ವಾದಕರು ದೂರಿದರು. 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್‌ಗೆ ಹಿಂಬದಿಯಲ್ಲಿ ಹೊಟ್ಟೆಗೊಂದು ಕೆತ್ತು, ಮುಂಬದಿಯಲ್ಲಿ ಮುಂಗೈಗೊಂದು ಇಳಿಜಾರು ಸೇರಿಕೊಂಡವು. ಇವತ್ತು ಅಂಗಡಿಯಲ್ಲಿರುವ ಅಗ್ಗದ ಗಿಟಾರ್‌ಗಳಲ್ಲಿ ಹೆಚ್ಚಿನವು ಇದೇ ಆಕಾರದ ನಕಲು. ಕೂತು ಕಲಿಯುವವರಿಗೆ ಅದು ಅದೃಷ್ಟ. ಟೆಲಿ ಆಕಾರದ್ದು ನಿಮ್ಮಲ್ಲಿದ್ದರೆ, ಅಂಚು ಒತ್ತಿ ಮುಂಗೈಯಲ್ಲಿ ಗೆರೆ ಬೀಳುತ್ತಿದ್ದರೆ, ಹಳೆಯ ಕಾಲುಚೀಲದ ತುದಿ ಕತ್ತರಿಸಿ ಮುಂಗೈಗೆ ಏರಿಸಿ.

ಲೆಸ್ ಪಾಲ್ ಆಕಾರದ್ದು ಭಾರ, ಸುಮಾರು 4 ಕಿಲೋ ಮೇಲೆಯೇ ಇರುತ್ತದೆ. ಆದರೆ ಭಾರವೆಲ್ಲ ಮೈಯಲ್ಲೇ ಇರುವುದರಿಂದ ತೊಡೆಯ ಮೇಲೆ ಅಲ್ಲಾಡದೆ ಕೂರುತ್ತದೆ. ನುಡಿಯುವ ತಂತಿಯ ಉದ್ದವೂ ಕಡಿಮೆ, ಸುಮಾರು 628 ಮಿಲಿಮೀಟರ್. ಫೆಂಡರ್‌ಗಳದ್ದು 648. ಪುಟ್ಟ ಕೈಯವರಿಗೆ ಮೊದಲ ಫ್ರೆಟ್ ಹತ್ತಿರ ಈ ವ್ಯತ್ಯಾಸ ಗೊತ್ತಾಗುತ್ತದೆ. ಗಿಬ್ಸನ್ 1961ರಲ್ಲಿ ತಂದ ಎಸ್‌ಜಿ ಆಕಾರದ್ದು ಇದಕ್ಕೆ ತದ್ವಿರುದ್ಧ: ಮೈ ತೆಳು ಮತ್ತು ಹಗುರ, ನೆಕ್ ಉದ್ದಕ್ಕೆ ಎಡಕ್ಕೆ ಚಾಚಿರುತ್ತದೆ, ಕೈ ಬಿಟ್ಟರೆ ಹೆಡ್‌ಸ್ಟಾಕ್ ಮುಳುಗುತ್ತದೆ. ಎಸ್‌ಜಿ ಇರುವವರಿಗೆ ಸ್ಟ್ರಾಪ್ ಇಲ್ಲದೆ ಕೂರುವ ಮಾತೇ ಇಲ್ಲ.

1958ರ ಫ್ಲೈಯಿಂಗ್ ವಿ ಗಿಟಾರನ್ನು ಕೂತು ನುಡಿಸಲಾಗದು ಅಂತ ಹೇಳುವವರಿದ್ದಾರೆ. ಮೊದಲ ಮಾದರಿಗಳ ಅಂಚಿನಲ್ಲಿ ತೊಡೆಯ ಮೇಲಿಂದ ಜಾರದಿರಲಿ ಎಂದು ರಬ್ಬರ್ ಪಟ್ಟಿ ಅಂಟಿಸಿರುತ್ತಿದ್ದರು, ಅಂದರೆ ಕೂರುವುದು ಮಾಡಿದವರ ಮನಸ್ಸಿನಲ್ಲೇ ಇತ್ತು. ಬಲತೊಡೆ ಆ ವಿ ಅಕ್ಷರದ ಸಂದಿಗೆ ಬರುವಂತೆ, ಕೆಳಗಿನ ರೆಕ್ಕೆ ಎರಡು ತೊಡೆಗಳ ನಡುವೆ ಇಳಿಯುವಂತೆ ಇಟ್ಟುಕೊಳ್ಳಿ. ನೆಕ್ ತಾನೇ ಮೇಲೇರುತ್ತದೆ. ನಿಜ ಹೇಳಬೇಕೆಂದರೆ ಎಷ್ಟೋ ಸಭ್ಯ ಆಕಾರಗಳಿಗಿಂತ ಇದೇ ಆರಾಮ.

ಎರಡು ಕೈಗಳು

ಬಲ ಮುಂಗೈ ಗಿಟಾರಿನ ಮೇಲಂಚಿನ ಮೇಲೆ ಹಗುರವಾಗಿ ಒರಗಿರಲಿ. ಭಾರ ಬಿಡಬಹುದು, ಒತ್ತಬಾರದು. ಬಲಭುಜ ಮೇಲೆದ್ದಿದೆಯೋ ಅಂತ ಕನ್ನಡಿಯಲ್ಲಿ ನೋಡಿ. ಎದ್ದಿದ್ದರೆ ಗಿಟಾರ್ ತುಂಬ ಎತ್ತರದಲ್ಲಿದೆ ಅಥವಾ ತುಂಬ ಬಲಕ್ಕಿದೆ.

ಎಡಗೈ ವಿಷಯಕ್ಕೆ ಬಂದರೆ, ಕಾರ್ಡ್ ಹಿಡಿಯುವಾಗ ಹೆಬ್ಬೆರಳು ನೆಕ್‌ನ ಬೆನ್ನಿನಲ್ಲಿ, ತೋರುಬೆರಳು ಮತ್ತು ನಡುಬೆರಳ ಎದುರಿಗೆ. ಬ್ಲೂಸ್ ಶೈಲಿಯಲ್ಲಿ ತಂತಿ ಎಳೆಯುವಾಗ ಹೆಬ್ಬೆರಳು ಮೇಲಿಂದ ಇಣುಕುವುದು ತಪ್ಪಲ್ಲ. ಆಗ ಬಲ ಬರುವುದು ಬೆರಳಿನಿಂದಲ್ಲ, ಬಾಗಿಲ ಹಿಡಿ ತಿರುಗಿಸುವ ಹಾಗೆ ಮುಂಗೈ ತಿರುಗುವುದರಿಂದ. ಈ ಎರಡು ಹಿಡಿತಗಳ ನಡುವೆ ಕೈ ಹಗುರವಾಗಿ ಹೋಗಿಬರಬೇಕಾದರೆ ನೆಕ್ ಹೊರುವ ಕೆಲಸ ಅದಕ್ಕೆ ಇರಲೇಬಾರದು. ಮೊದಲ ಫ್ರೆಟ್‌ನಿಂದ 15ರವರೆಗೆ ಒಂದೇ ತಂತಿಯಲ್ಲಿ ನಿಧಾನಕ್ಕೆ ಜಾರಿಸಿ. ಎಡ ಮೊಣಕೈ ಪಕ್ಕೆಗೆ ಅಂಟದೆ ಗಾಳಿಯಲ್ಲಿ ತೂಗಿದರೆ ಸರಿ.

ಕಣ್ಣು ಮಾಡುವ ಕಿತಾಪತಿ

ಕಲಿಯುವವರ ಭಂಗಿ ಕೆಡಿಸುವುದು ಹೆಚ್ಚಾಗಿ ಕೈಯಲ್ಲ, ಕಣ್ಣು. ಫ್ರೆಟ್ ಕಾಣಲಿ ಅಂತ ಗಿಟಾರಿನ ಮುಖವನ್ನು ಆಕಾಶಕ್ಕೆ ತಿರುಗಿಸುತ್ತಾರೆ. ಮುಖ ಮೇಲಾದಷ್ಟೂ ಎಡ ಮಣಿಕಟ್ಟು ಸುತ್ತಿಕೊಂಡು ಹೋಗಬೇಕು. ಗಿಟಾರಿನ ಮುಖ ಎದುರಿನ ಗೋಡೆಯನ್ನೇ ನೋಡಲಿ. ನೆಕ್‌ನ ಮೇಲಂಚಿನಲ್ಲಿ, ನಿಮ್ಮ ಕಡೆಗೆ, 3, 5, 7, 9, 12ನೇ ಫ್ರೆಟ್‌ಗಳ ಹತ್ತಿರ ಪುಟ್ಟ ಚುಕ್ಕೆಗಳಿವೆ. ಅವು ಇರುವುದೇ ನಿಮಗೆ, ಮುಂದಿರುವ ಚುಕ್ಕೆ ನೋಡುವವರಿಗೆ.

ಮೊಬೈಲ್ ನೋಡಿ ಕಲಿಯುವವರು ಅದನ್ನು ಹಾಸಿಗೆಯ ಮೇಲೆ ಮಲಗಿಸಿಡಬೇಡಿ. ಕತ್ತು ಒಂದು ಗಂಟೆ ಬಗ್ಗಿಯೇ ಇರುತ್ತದೆ. ಕಣ್ಣಿನ ಮಟ್ಟಕ್ಕೆ, ಸ್ವಲ್ಪ ಎಡಕ್ಕೆ ಇಡಿ. ನೆಕ್ ನೋಡಲು ತಲೆ ಹೇಗೂ ಎಡಕ್ಕೆ ತಿರುಗುತ್ತಿರುತ್ತದೆ, ಎರಡೂ ಒಂದೇ ಕಡೆ ಇರಲಿ. ಕಿವಿಯದ್ದೂ ಇದೇ ಕಥೆ. ಗಿಟಾರಿನ ಸದ್ದು ಹೊರಡಿಸುವ ಪುಟ್ಟ ಆಂಪ್ ನೆಲದ ಮೇಲಿದ್ದರೆ ಸದ್ದು ಮೊಣಕಾಲಿಗೆ ಹೋಗುತ್ತದೆ, ಕೇಳಿಸಲಿ ಅಂತ ಮೈ ತಾನಾಗಿ ಮುಂದೆ ಬಾಗುತ್ತದೆ. ಆಂಪನ್ನು ಸ್ಟೂಲಿನ ಮೇಲಿಡಿ, ಇಲ್ಲವೇ ಗೋಡೆಗೆ ಓರೆಯಾಗಿ ಒರಗಿಸಿ ಮುಖ ನಿಮ್ಮತ್ತ ಮಾಡಿ.

ಕೇಬಲ್ ಬಗ್ಗೆ ಒಂದು ಮಾತು. ಲೆಸ್ ಪಾಲ್, ಟೆಲಿಕಾಸ್ಟರ್‌ಗಳಲ್ಲಿ ಪಿನ್ ಹಾಕುವ ತೂತು ಬದಿಯಲ್ಲಿರುತ್ತದೆ. ನೆಟ್ಟಗಿನ ಪಿನ್ ತೊಡೆಗೋ ಕುರ್ಚಿಗೋ ತಾಗಿ ಗಿಟಾರನ್ನು ಓರೆ ಮಾಡುತ್ತದೆ. ಎಲ್ ಆಕಾರದ ಪಿನ್ ಇರುವ ಕೇಬಲ್ ತನ್ನಿ. ಸ್ಟ್ರಾಪಿನ ಹಿಂತುದಿಯೊಳಗಿಂದ ಒಂದು ಸುತ್ತು ಹಾಯಿಸಿದರೆ ಯಾರಾದರೂ ಎಡವಿದರೂ ಕಿತ್ತು ಬರುವುದಿಲ್ಲ.

ನೆಲದ ಮೇಲೆ ಕೂರುವವರಿಗೆ

ನಮ್ಮಲ್ಲಿ ಚಕ್ಕಳಮಟ್ಟೆ ಹಾಕಿ ಕೂರುವುದು ಸಹಜ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್ ನುಡಿಸುತ್ತಿದ್ದದ್ದೂ, ಪ್ರಸನ್ನ ಎಲೆಕ್ಟ್ರಿಕ್ ಗಿಟಾರ್ ನುಡಿಸುವುದೂ ಹಾಗೆಯೇ. ಗಮಕಕ್ಕೆ ತಂತಿ ಎಳೆಯುತ್ತ ಹೋಗುವಾಗ ಗಿಟಾರ್ ಒಂದಿಷ್ಟೂ ಅಲುಗಬಾರದು, ಆದ್ದರಿಂದ ಭಂಗಿ ಇನ್ನೂ ಗಟ್ಟಿಯಾಗಿರಬೇಕು.

ತೊಂದರೆ ಬರುವುದು ಮಂಡಿಯಿಂದ. ಬರಿ ನೆಲದಲ್ಲಿ ಕೂತರೆ ಮಂಡಿ ಮೇಲಿರುತ್ತದೆ, ಸೊಂಟ ಹಿಂದೆ ಬೀಳುತ್ತದೆ. ಕುಂಡಿಯ ಕೆಳಗೆ ಮಾತ್ರ 8–10 ಸೆಂಟಿಮೀಟರ್ ದಪ್ಪಕ್ಕೆ ಜಮಖಾನ ಮಡಿಸಿಡಿ, ಕಾಲುಗಳು ನೆಲದ ಮೇಲೆಯೇ ಇರಲಿ. ಆಗ ಮಂಡಿ ಇಳಿಯುತ್ತದೆ, ಬೆನ್ನು ತಾನೇ ನಿಲ್ಲುತ್ತದೆ. ಗಿಟಾರಿನ ಸೊಂಟದ ತಗ್ಗು ಬಲತೊಡೆಯ ಮೇಲೆ, ಸ್ಟ್ರಾಪ್ ಬಿಗಿಯಾಗಿ. ಎಡ ಮಂಡಿ ಎತ್ತರ ಉಳಿದರೆ ನೆಕ್ ಬಳಿ ಕೈಗೆ ಅಡ್ಡವಾಗುತ್ತದೆ, ಎಡಗಾಲನ್ನು ಒಳಗೂ ಬಲಗಾಲನ್ನು ಹೊರಗೂ ಮಡಿಸಿ ನೋಡಿ. ಕುರ್ಚಿಗಿಂತ ಬೇಗ ಎದ್ದು ಓಡಾಡಬೇಕು, ಕಾಲು ಜೋಮು ಹಿಡಿಯುವವರೆಗೆ ಕಾಯಬೇಡಿ.

ಬರಿಗಾಲಲ್ಲಿ ನೆಲದ ಮೇಲೆ ಕೂತು ತಂತಿ ಮುಟ್ಟಿದಾಗ ಜುಮ್ಮೆಂದರೆ ಅದು ಭಂಗಿಯ ತೊಂದರೆಯಲ್ಲ, ಕರೆಂಟಿನದ್ದು. ಆಂಪ್ ಆಫ್ ಮಾಡಿ, ಮೂರು ಪಿನ್ನಿನ ಸಾಕೆಟ್ಟಿಗೆ ಅರ್ತ್ ಇದೆಯೇ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸುವವರೆಗೆ ನುಡಿಸಬೇಡಿ.

ನೋವು ಬಂದರೆ

ಬೆರಳ ತುದಿಯ ಉರಿ ಹೊಸಬರಿಗೆ ಸಹಜ, ಚರ್ಮ ಗಟ್ಟಿಯಾದ ಮೇಲೆ ಹೋಗುತ್ತದೆ. ಕೀಲಿನ ನೋವು, ಮರಗಟ್ಟುವಿಕೆ ಸಹಜವಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಜೋಮು ಬಂದರೆ ಮಣಿಕಟ್ಟು ಹೆಚ್ಚು ಬಾಗುತ್ತಿದೆಯೇ ನೋಡಿ. ಕಿರುಬೆರಳು, ಉಂಗುರಬೆರಳಲ್ಲಿ ಬಂದರೆ ಮೊಣಕೈ ತುಂಬ ಹೊತ್ತು ಮಡಿಸಿಯೇ ಇದೆಯೇ, ಎಲ್ಲಾದರೂ ಒತ್ತುತ್ತಿದೆಯೇ ನೋಡಿ. ಗಿಟಾರ್ ಕೆಳಗಿಟ್ಟ ಮೇಲೂ ಹೋಗದಿದ್ದರೆ, ರಾತ್ರಿ ಎಚ್ಚರವಾಗುವಂತಿದ್ದರೆ, ವೈದ್ಯರ ಹತ್ತಿರ ಹೋಗಿ. ಇಂಟರ್‌ನೆಟ್‌ನಲ್ಲಿ ಬರೆಯುವ ನನ್ನಂಥವರ ಮಾತು ಅಲ್ಲಿಗೆ ಮುಗಿಯಿತು.

ಎಷ್ಟೇ ಒಳ್ಳೆಯ ಭಂಗಿಯಾದರೂ ಅಲ್ಲಾಡದೆ ಕೂತರೆ ಕೆಟ್ಟದ್ದೇ. 20–25 ನಿಮಿಷಕ್ಕೊಮ್ಮೆ ಏಳಿ. ನಾನು ನೀರಿನ ಲೋಟವನ್ನು ಬೇಕೆಂದೇ ಅಡುಗೆಮನೆಯಲ್ಲಿ ಬಿಟ್ಟು ಬರುತ್ತೇನೆ.

ಎರಡು ವಾರ ಕಳೆದ ಮೇಲೆ ಮೊಬೈಲನ್ನು ಪಕ್ಕದಲ್ಲಿ ನಿಲ್ಲಿಸಿ ಅಭ್ಯಾಸದ ವಿಡಿಯೋ ಮಾಡಿ. ಮೊದಲ ನಿಮಿಷ ನೋಡಬೇಡಿ, ಕ್ಯಾಮೆರಾ ಇದೆ ಅಂತ ಗೊತ್ತಿರುವಾಗ ಎಲ್ಲರೂ ನೆಟ್ಟಗೆ ಕೂರುತ್ತಾರೆ. ಹದಿನೈದನೇ ನಿಮಿಷದಿಂದ, ಅದೂ ಕಷ್ಟದ ಸಾಲು ಬಂದಾಗ, ಭುಜ ಎತ್ತ ಹೋಯಿತು, ತಲೆ ಎಷ್ಟು ಮುಂದೆ ಬಂತು ಅಂತ ನೋಡಿ. ಸ್ಟ್ರಾಪನ್ನು ಒಂದೆರಡು ಸೆಂಟಿಮೀಟರ್ ಅತ್ತಿತ್ತ ಮಾಡಿ ಮತ್ತೆ ನುಡಿಸಿ. ಸರಿಹೋಯಿತು ಅನ್ನಿಸಿದ ದಿನ ಬಕಲ್ ಇರುವ ಜಾಗಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆದಿಡಿ. ಮನೆಗೆ ಬಂದ ಗೆಳೆಯ ಗಿಟಾರ್ ಎತ್ತಿಕೊಂಡವನೇ ಮಾಡುವ ಮೊದಲ ಕೆಲಸ ಸ್ಟ್ರಾಪ್ ಇಳಿಸುವುದು.